ಹೆಡ್ ಮಾಸ್ಟರ್ ಚಲೋ ಇದ್ದಾರಾ? ಡಿಸೆಂಬರ್ ತಿಂಗಳ ಹಾಜರಿ ಪುಸ್ತಕ ನೋಡಿ

"ಹೆಡ್ ಮಾಸ್ತರು ಚಲೋ ಅದಾರ್ರಿ, ಸಾಲಿಗೆ ಬಣ್ಣ ಹೊಡಿಸ್ಯಾರ." ರಾಯಚೂರು, ಕೊಪ್ಪಳದ ಹಳ್ಳಿಗಳಲ್ಲಿ ಈ ಮಾತು ಆಗಾಗ ಕಿವಿಗೆ ಬೀಳುತ್ತದೆ. ಪಕ್ಕದ ಊರಿಗೆ ಹೋದರೆ, "ಭಾಳ ಸ್ಟ್ರಿಕ್ಟ್ ರೀ, ಅವರು ಬಂದ್ರಂದ್ರ ಸಾಲಿ ಗಪ್ ಆಗ್ತದ." ಅದರಾಚೆಯ ಊರಲ್ಲಿ, "ಮನುಷ್ಯಾ ದೇವರಂಥಾವ, ಆದರ ಅವನ ಮಾತು ಯಾರೂ ಕೇಳಂಗಿಲ್ಲ."

ಮೂರೂ ಮಾತು ನಿಜ ಇರಬಹುದು. ಆದರೆ ಆ ಶಾಲೆಯ ಮಕ್ಕಳಿಗೆ ಓದೋಕೆ ಬರುತ್ತದಾ ಅನ್ನೋದಕ್ಕೆ ಮೂರರಲ್ಲೂ ಉತ್ತರ ಇಲ್ಲ. ಮುಖ್ಯ ಶಿಕ್ಷಕರನ್ನು ನಾವು ಅಳೆಯುವುದೇ ಹೀಗೆ. ಕೆಲಸಗಾರರನ್ನು ಒಂದು ಕಡೆ, ಪ್ರಾಮಾಣಿಕರನ್ನು ಇನ್ನೊಂದು ಕಡೆ ಕೂರಿಸುತ್ತೇವೆ. "ಪಾಪ, ಒಳ್ಳೆಯವರು, ಆದರೆ ಅವರ ಕೈಲಿ ಏನೂ ಆಗಲ್ಲ" ಅಂತ ಒಬ್ಬರ ಬಗ್ಗೆ. "ಕೆಲಸ ಮಾಡಿಸ್ತಾರೆ, ಹೆಂಗೆ ಅಂತ ಮಾತ್ರ ಕೇಳಬೇಡಿ" ಅಂತ ಇನ್ನೊಬ್ಬರ ಬಗ್ಗೆ.

ನನಗೆ ಈ ವಿಂಗಡಣೆಯೇ ಸರಿ ಕಾಣುವುದಿಲ್ಲ. ಶಾಲೆ ನಡೆಸುವಾಗ ಇವೆರಡನ್ನೂ ಬೇರೆ ಮಾಡೋಕೆ ಬರುವುದಿಲ್ಲ. ಸುಳ್ಳು ಲೆಕ್ಕ ಬರೆಯುವ ಶಾಲೆಯಲ್ಲಿ ಏನು ಕೆಟ್ಟಿದೆ ಅಂತಲೇ ಗೊತ್ತಾಗುವುದಿಲ್ಲ. ಗೊತ್ತಾಗದೆ ಸರಿ ಮಾಡುವುದು ಹೇಗೆ? ಇದನ್ನು ಕಣ್ಣಾರೆ ನೋಡಬೇಕು ಅಂದರೆ ಹಾಜರಿ ಪುಸ್ತಕ ತೆಗೆಯಬೇಕು. ಅದೂ ಡಿಸೆಂಬರ್ ತಿಂಗಳದ್ದು.

ಹತ್ತಿ ಬಿಡಿಸುವ ಕಾಲ

ದೇವದುರ್ಗ, ಮಾನ್ವಿ, ಲಿಂಗಸೂಗೂರು ಕಡೆ ಹತ್ತಿ ಬಿಡಿಸೋದು ಶುರುವಾದರೆ ಬೆಳಿಗ್ಗೆ ಬೆಳಿಗ್ಗೆಯೇ ಟಂಟಂ, ಪಿಕಪ್ ಗಾಡಿಗಳು ಊರ ಮುಂದೆ ಬಂದು ನಿಲ್ಲುತ್ತವೆ. ಕೂಲಿಗೆ ಹೋಗುವ ಹೆಂಗಸರ ಜೊತೆ ಆರನೇ, ಏಳನೇ ಕ್ಲಾಸಿನ ಹುಡುಗಿಯರೂ ಹತ್ತುತ್ತಾರೆ. ಹತ್ತಿ ಮುಗಿಯಿತು ಅನ್ನುವಷ್ಟರಲ್ಲಿ ಮೆಣಸಿನಕಾಯಿ ಶುರು. ಕೊಪ್ಪಳ, ಕುಷ್ಟಗಿ ಕಡೆ ಬೀಜೋತ್ಪಾದನೆ ಹೊಲಗಳಲ್ಲಿ ಹೂವಿಗೆ ಪರಾಗ ಮುಟ್ಟಿಸುವ ಕೆಲಸಕ್ಕೆ ಸಣ್ಣ ಬೆರಳುಗಳೇ ಬೇಕಂತೆ. ಇದರ ಮೇಲೆ ಗುಳೆ. ಮಳೆ ಕೈಕೊಟ್ಟ ವರ್ಷ ಮನೆಮಂದಿಯೆಲ್ಲ ಬೀಗ ಹಾಕಿಕೊಂಡು ಬೆಂಗಳೂರು, ಪುಣೆ, ಗೋವಾ ಅಂತ ಹೊರಟುಬಿಡುತ್ತಾರೆ.

ಈಗ ಒಂದು ಆರನೇ ಕ್ಲಾಸನ್ನು ಊಹಿಸಿಕೊಳ್ಳಿ. ಪುಸ್ತಕದಲ್ಲಿ 38 ಹೆಸರು. ಕೋಣೆಯಲ್ಲಿ ಕೂತವರು 21. ಹಾಜರಿ ಹಾಕಿರುವುದು 34. ಹಾಗಾದರೆ ಆ 13 ಮಕ್ಕಳು ಎಲ್ಲಿ?

ಬರೆದವರು ಕಳ್ಳರು ಅಂತ ತಕ್ಷಣ ತೀರ್ಮಾನ ಮಾಡಬೇಡಿ. ಹಾಜರಿ ಕಡಿಮೆ ತೋರಿಸಿದರೆ ಮೇಲಿನಿಂದ ನೋಟಿಸ್ ಬರುತ್ತದೆ. ಮಕ್ಕಳ ಸಂಖ್ಯೆ ಇಳಿದರೆ ಒಂದು ಹುದ್ದೆಯನ್ನು 'ಹೆಚ್ಚುವರಿ' ಅಂತ ಗುರುತಿಸಿ ಬೇರೆ ಊರಿಗೆ ಕಳಿಸುತ್ತಾರೆ ಅನ್ನೋ ಭಯ ಇರುತ್ತದೆ. ವಿದ್ಯಾರ್ಥಿ ವೇತನ ತಪ್ಪಬಾರದು, ಬಡವರ ಮಕ್ಕಳು ಅನ್ನೋ ಕನಿಕರವೂ ಇರುತ್ತದೆ. ಹೌದು, ಕೆಲವು ಕಡೆ ಅಕ್ಕಿಯ ಆಸೆಯೂ ಇರುತ್ತದೆ. ಬಿಸಿಯೂಟದ ಲೆಕ್ಕದಲ್ಲಿ ಆರರಿಂದ ಎಂಟನೇ ಕ್ಲಾಸಿನ ಒಂದು ಮಗುವಿಗೆ ದಿನಕ್ಕೆ 150 ಗ್ರಾಂ ಧಾನ್ಯ. 13 ಮಕ್ಕಳದ್ದು ಹತ್ತಿರ ಹತ್ತಿರ 2 ಕೆಜಿ. ತಿಂಗಳಿಗೆ ಎಷ್ಟಾಯಿತು ಅಂತ ನೀವೇ ಕೂಡಿಸಿ.

ಕಾರಣ ಯಾವುದೇ ಇರಲಿ, ಪೆಟ್ಟು ಬೀಳುವುದು ಒಂದೇ ಕಡೆ. ಆ 13 ಮಕ್ಕಳು ಕಾಗದದ ಮೇಲೆ ಶಾಲೆಯಲ್ಲೇ ಇದ್ದಾರಲ್ಲ, ಅವರನ್ನು ಹುಡುಕಿಕೊಂಡು ಯಾರು ಹೋಗುತ್ತಾರೆ? ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಹೋಗಲ್ಲ. ಕಾರ್ಮಿಕ ಇಲಾಖೆಯವರು ಹೋಗಲ್ಲ. ಗುಳೆ ಹೋದವರ ಮಕ್ಕಳಿಗೆ ಊರಲ್ಲೇ ಉಳಿಯುವ ವ್ಯವಸ್ಥೆ ಮಾಡಿಕೊಡಿ ಅಂತ ಇಲಾಖೆಗೆ ಬರೆಯೋಕೂ ಆಗಲ್ಲ, ಯಾಕೆಂದರೆ ಲೆಕ್ಕದ ಪ್ರಕಾರ ಯಾರೂ ಹೋಗಿಯೇ ಇಲ್ಲ. ಮಾರ್ಚ್‌ನಲ್ಲಿ ವಾಪಸ್ ಬಂದ ಹುಡುಗಿ ಭಾಗಾಕಾರ ಬರದೇ ಮುಂದಿನ ಕ್ಲಾಸಿಗೆ ಹೋಗುತ್ತಾಳೆ. ಒಂಬತ್ತಕ್ಕೆ ಬರುವ ಹೊತ್ತಿಗೆ ಪಾಠ ತಲೆಗೆ ಹತ್ತದೆ ಶಾಲೆ ಬಿಡುತ್ತಾಳೆ. ಆಗ ಎಲ್ಲರೂ "ಅವಳಿಗೆ ಓದಿನ ಮೇಲೆ ಆಸಕ್ತಿ ಇಲ್ಲ" ಅನ್ನುತ್ತಾರೆ.

21 ಅಂತ ನಿಜ ಬರೆಯುವ ಹೆಡ್ ಮಾಸ್ಟರಿಗೆ ಮೊದಲು ಸಿಗುವುದು ಬೈಗುಳವೇ. ಆದರೆ ಅವರ ಕೈಯಲ್ಲಿ 17 ಹೆಸರುಗಳ ಪಟ್ಟಿ ಇರುತ್ತದೆ. ಅದನ್ನು ಹಿಡಿದುಕೊಂಡು ಕೆಲಸ ಮಾಡಬಹುದು. ದಿನಗೂಲಿಗೆ ಹತ್ತಿ ಬಿಡಿಸೋಕೆ ಹೋಗುವ ಹುಡುಗಿಯದು ಒಂದು ಸಮಸ್ಯೆ, ಅಪ್ಪ ಅಮ್ಮನ ಜೊತೆ ಗುಳೆ ಹೋದವನದು ಬೇರೆಯೇ ಸಮಸ್ಯೆ. ಮೊದಲನೆಯವಳ ಮನೆಗೆ ಸಂಜೆ ಹೊತ್ತು, ಕೂಲಿಯವರು ವಾಪಸ್ ಬಂದ ಮೇಲೆ, ಊರಿನ ಇಬ್ಬರು ತಾಯಂದಿರನ್ನು ಕರೆದುಕೊಂಡು ಹೋಗಿ ಮಾತಾಡಬಹುದು. ಎರಡನೆಯವನ ಅಜ್ಜಿ ಊರಲ್ಲೇ ಇದ್ದಾಳಾ ಅಂತ ನೋಡಬೇಕು. ಇಲ್ಲದಿದ್ದರೆ ಎಲ್ಲಿಗೆ ಹೋಗಿದ್ದಾರೆ ಅಂತ ಕೇಳಿ, ಅಲ್ಲಿನ ಸರ್ಕಾರಿ ಶಾಲೆಗೆ ಸೇರಿಸಿ ಅಂತ ಹೇಳಬೇಕು. ಟಿಸಿ ಇಲ್ಲ ಅನ್ನೋ ನೆಪಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ, ತಡ ಮಾಡುವಂತೆಯೂ ಇಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಇದನ್ನು ಸ್ಪಷ್ಟವಾಗಿ ಹೇಳಿದೆ. ಎಷ್ಟೋ ಪಾಲಕರಿಗೆ ಇದು ಗೊತ್ತಿಲ್ಲ. ಹೇಳಬೇಕಾದವರು ಹೆಡ್ ಮಾಸ್ಟರ್.

ಹದಿನೇಳಕ್ಕೆ ಹದಿನೇಳೂ ವಾಪಸ್ ಬರುವುದಿಲ್ಲ. ನಾಲ್ಕೋ ಐದೋ ಬಂದರೂ ದೊಡ್ಡದು. ಆದರೆ 34 ಅಂತ ಬರೆದ ಶಾಲೆಯಲ್ಲಿ ಒಂದು ಮಗುವೂ ವಾಪಸ್ ಬರುವುದಿಲ್ಲ.

ಪಾಠ ನೋಡೋಕೆ ಪುರುಸೊತ್ತೆಲ್ಲಿ?

ಹೆಡ್ ಮಾಸ್ಟರ್ ಒಳ್ಳೆಯವರಾದರೆ ಮಕ್ಕಳ ಕಲಿಕೆ ನಿಜವಾಗಲೂ ಹೆಚ್ಚುತ್ತದಾ? ಇದರ ಬಗ್ಗೆ ಜಗತ್ತಿನಾದ್ಯಂತ ಸಾಕಷ್ಟು ಅಧ್ಯಯನ ನಡೆದಿದೆ. ಕೆನಡಾದ ಕೆನೆತ್ ಲೀತ್‌ವುಡ್ ಮತ್ತು ಸಂಗಡಿಗರು 2004ರಲ್ಲಿ ಹೇಳಿದ ಮಾತು ಇವತ್ತಿಗೂ ಎಲ್ಲರೂ ಎತ್ತಿ ಹೇಳುವಂಥದ್ದು. ಶಾಲೆಯೊಳಗೆ ಮಕ್ಕಳ ಕಲಿಕೆಯ ಮೇಲೆ ಎಲ್ಲಕ್ಕಿಂತ ಜಾಸ್ತಿ ಪರಿಣಾಮ ಬೀರುವುದು ತರಗತಿಯ ಪಾಠ. ಅದರ ನಂತರದ ಜಾಗ ಶಾಲೆ ನಡೆಸುವವರದು. ಅಂದರೆ ಹೆಡ್ ಮಾಸ್ಟರ್ ನೇರವಾಗಿ ಮಗುವಿಗೆ ಕಲಿಸುವುದಕ್ಕಿಂತ, ಕಲಿಸುವವರ ಮೂಲಕ ಕೆಲಸ ಮಾಡುತ್ತಾರೆ.

ಹಾಗಾದರೆ ಅವರು ಏನು ಮಾಡಿದರೆ ಜಾಸ್ತಿ ಫಲ? 2008ರಲ್ಲಿ ನ್ಯೂಜಿಲೆಂಡ್‌ನ ವಿವಿಯನ್ ರಾಬಿನ್ಸನ್ ಮತ್ತು ಜೊತೆಗಾರರು ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಇದನ್ನೇ ಲೆಕ್ಕ ಹಾಕಿದರು. ಶಿಸ್ತಿನ ವಾತಾವರಣ ಇಡುವುದು, ಸಾಮಾನು ಹಣ ಹೊಂದಿಸುವುದು, ಗುರಿ ಹಾಕಿಕೊಳ್ಳುವುದು, ಪಾಠವನ್ನು ಯೋಜಿಸಿ ಪರಿಶೀಲಿಸುವುದು, ಶಿಕ್ಷಕರ ಕಲಿಕೆಯಲ್ಲಿ ತಾವೂ ಕೂತು ಭಾಗವಹಿಸುವುದು ಎಂದು ಐದು ಬಗೆ ಮಾಡಿ ನೋಡಿದಾಗ, ಕೊನೆಯದರ ಪರಿಣಾಮದ ಅಳತೆ (ಜಾಸ್ತಿ ಇದ್ದಷ್ಟೂ ಮಕ್ಕಳ ಕಲಿಕೆ ಮೇಲೆ ಪರಿಣಾಮ ಜಾಸ್ತಿ) 0.84 ಬಂತು. ಶಿಸ್ತಿನದು 0.27. ಮೂರು ಪಟ್ಟು ಅಂತರ. "ಅವರು ಬಂದ್ರಂದ್ರ ಸಾಲಿ ಗಪ್ ಆಗ್ತದ" ಅನ್ನೋ ಹೊಗಳಿಕೆ ಯಾಕೆ ಸಾಲದು ಅಂತ ಈಗ ತಿಳಿಯಿತಲ್ಲ. ಶಿಸ್ತು ಬೇಡ ಅಂತಲ್ಲ, ಅಷ್ಟಕ್ಕೇ ನಿಂತರೆ ಮಕ್ಕಳಿಗೆ ಸಿಗುವುದು ಸ್ವಲ್ಪವೇ.

ಕೂತು ಭಾಗವಹಿಸುವುದು ಅಂದರೆ ಹೇಗಿರುತ್ತದೆ? ಐದನೇ ಕ್ಲಾಸಿನಲ್ಲಿ ಭಿನ್ನರಾಶಿ ಪಾಠ ನಡೆದಿದೆ ಅಂದುಕೊಳ್ಳಿ. ಹೆಡ್ ಮಾಸ್ಟರ್ ಹಿಂದಿನ ಸಾಲಿನಲ್ಲಿ ಮಕ್ಕಳ ಜೊತೆ ಕೂತಿದ್ದಾರೆ. ಶಿಕ್ಷಕಿ ಬೋರ್ಡ್ ಮೇಲೆ ರೊಟ್ಟಿ ಬರೆದು ನಾಲ್ಕು ಭಾಗ ಮಾಡಿದರು. ಮುಂದಿನ ಸಾಲಿನವರು ಒಟ್ಟಿಗೆ "ಕಾಲು ಭಾಗ" ಅಂತ ಕೂಗಿದರು. ಪಕ್ಕದಲ್ಲಿದ್ದ ಹುಡುಗ ಮಾತ್ರ ಸ್ಲೇಟಿನಲ್ಲಿ ಸಮ ಇಲ್ಲದ ನಾಲ್ಕು ತುಂಡು ಬರೆದು, ಅದರಲ್ಲಿ ಎಲ್ಲಕ್ಕಿಂತ ದೊಡ್ಡ ತುಂಡಿಗೂ ಕಾಲು ಅಂತಲೇ ಬರೆದಿದ್ದ. ಹೆಚ್ಚಿನ ಶಾಲೆಗಳಲ್ಲಿ ಪಾಠ ವೀಕ್ಷಣೆ ಪುಸ್ತಕದಲ್ಲಿ "ಪಾಠ ಉತ್ತಮವಾಗಿತ್ತು, ಬೋರ್ಡ್ ಬಳಕೆ ಚೆನ್ನಾಗಿತ್ತು" ಅಂತ ಬರೆದು ಸಹಿ ಹಾಕಿ ಮುಗಿಸುತ್ತಾರೆ. ಒಳ್ಳೆಯ ಹೆಡ್ ಮಾಸ್ಟರ್ ಸಂಜೆ ಆ ಸ್ಲೇಟಿನ ಮಾತು ಎತ್ತುತ್ತಾರೆ. "ಮೇಡಂ, 'ಸಮ' ಅನ್ನೋದೇ ಅವನಿಗೆ ಹೋಗಿಲ್ಲ ನೋಡ್ರಿ. ನಾಳೆ ಮಡಚೋ ಕಾಗದ ಕೊಟ್ಟು ಮಾಡಿಸೋಣ, ನಾನೂ ಬರ್ತೀನಿ." ತಪ್ಪು ಹಿಡಿಯೋಕೆ ಬಂದಿಲ್ಲ, ಜೊತೆಗಿದ್ದಾರೆ ಅನ್ನೋದು ಶಿಕ್ಷಕಿಗೆ ತಿಳಿಯುತ್ತದೆ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಎಲ್ಲರೂ ಕೂತು ಇಂಥ ನಾಲ್ಕು ಸ್ಲೇಟುಗಳ ಬಗ್ಗೆ ಮಾತಾಡಿದರೂ ಸಾಕು.

"ಪುರುಸೊತ್ತೆಲ್ಲಿದೆ ಸ್ವಾಮಿ?" ಅಂತ ಹೆಡ್ ಮಾಸ್ಟರುಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದರ ತನಕ 150ಕ್ಕಿಂತ ಜಾಸ್ತಿ ಮಕ್ಕಳಿದ್ದರೆ ಒಬ್ಬ ಮುಖ್ಯ ಶಿಕ್ಷಕರು ಬೇಕು. ಆರರಿಂದ ಎಂಟಕ್ಕೆ 100 ದಾಟಿದರೆ ಪೂರ್ಣಾವಧಿ ಮುಖ್ಯ ಶಿಕ್ಷಕರು ಬೇಕು. ನಮ್ಮ ಎಷ್ಟೋ ಶಾಲೆಗಳು ಅಷ್ಟು ದೊಡ್ಡವಲ್ಲ. ಅಲ್ಲಿ ಹಿರಿಯ ಶಿಕ್ಷಕರೊಬ್ಬರು ಪ್ರಭಾರದಲ್ಲಿರುತ್ತಾರೆ. ಅವರಿಗೆ ಎರಡು ಕ್ಲಾಸಿನ ಪಾಠ, ಬಿಸಿಯೂಟ, ಮಕ್ಕಳ ವಿವರ ಕಂಪ್ಯೂಟರಿಗೆ ತುಂಬುವ ಎಸ್‌ಎಟಿಎಸ್ ಎಂಟ್ರಿ, ಹಾಲು, ಮೊಟ್ಟೆ, ಸಮವಸ್ತ್ರ, ಬಿಇಒ (ತಾಲ್ಲೂಕಿನ ಶಿಕ್ಷಣಾಧಿಕಾರಿ) ಆಫೀಸಿಗೆ ವಾರಕ್ಕೆರಡು ಸುತ್ತು. ಇದರ ಮೇಲೆ ಸಮೀಕ್ಷೆ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಶಿಕ್ಷಕರನ್ನು ಬೇರೆ ಕೆಲಸಕ್ಕೆ ಹಚ್ಚಬಾರದು ಅಂತ ಅದೇ ಕಾಯ್ದೆ ಹೇಳುತ್ತದೆ. 2025ರಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಅಂತ ದಸರಾ ರಜೆಯನ್ನು ಅಕ್ಟೋಬರ್ 18ರ ತನಕ ಎಳೆದಿದ್ದೂ ನಮಗೆಲ್ಲ ಗೊತ್ತು. ಶಾಲಾ ನಾಯಕತ್ವದ ತರಬೇತಿ ಕೊಡೋಕೆ 2012ರಲ್ಲಿ ದೆಹಲಿಯಲ್ಲಿ ರಾಷ್ಟ್ರೀಯ ಕೇಂದ್ರವೇ ಶುರುವಾಯಿತು. ತರಬೇತಿ ಒಳ್ಳೆಯದೇ. ತರಬೇತಿ ಮುಗಿಸಿ ಬಂದವರ ಟೇಬಲ್ ಮೇಲೆ ಮೊಟ್ಟೆಯ ಬಿಲ್ಲೇ ಕಾಯುತ್ತಿದ್ದರೆ ಅದು ಎಲ್ಲಿ ಉಪಯೋಗಕ್ಕೆ ಬಂತು?

ಇದಕ್ಕೆ ಇರುವ ದಾರಿ ಕೆಲಸ ಹಂಚುವುದು. ಹಂಚುವುದರಲ್ಲೇ ಮನುಷ್ಯ ಎಂಥವನು ಅಂತ ಗೊತ್ತಾಗಿಬಿಡುತ್ತದೆ. ತನಗೆ ಬೇಡವಾದ ಕೆಲಸವನ್ನೆಲ್ಲ ಅತಿಥಿ ಶಿಕ್ಷಕರ ತಲೆಗೆ ಕಟ್ಟುವುದು ಹಂಚಿಕೆ ಅಲ್ಲ. ನಮ್ಮ ಕಡೆ ಖಾಲಿ ಹುದ್ದೆ ಜಾಸ್ತಿ, ಅತಿಥಿ ಶಿಕ್ಷಕರ ಮೇಲೇ ನಿಂತಿರುವ ಶಾಲೆಗಳೂ ಇವೆ. ಕಡಿಮೆ ಸಂಬಳ, ನಾಳೆ ಇರ್ತೀನೋ ಇಲ್ಲವೋ ಗೊತ್ತಿಲ್ಲ. ಅವರಿಗೆ "ಇಲ್ಲ" ಅನ್ನೋ ಶಕ್ತಿ ಇಲ್ಲ. ಇಲ್ಲ ಅನ್ನಲಾರದವರ ಜೊತೆ ಹೆಡ್ ಮಾಸ್ಟರ್ ಹೇಗೆ ನಡೆದುಕೊಳ್ಳುತ್ತಾರೆ ಅನ್ನೋದನ್ನು ನಾನಂತೂ ಮೊದಲು ನೋಡುತ್ತೇನೆ.

ಡ್ರಾವರಿನಲ್ಲಿರುವ ಚೀಟಿ

ಸಿಎಲ್ (ಸಾಂದರ್ಭಿಕ ರಜೆ) ಚೀಟಿಯ ಕಥೆ ಶಿಕ್ಷಕರಿಗೆಲ್ಲ ಗೊತ್ತು. ಹೊರಗಿನವರಿಗೆ ಹೇಳಬೇಕು. ದೂರದ ಊರಿನಿಂದ ಬಂದು ಹೋಗುವ ಶಿಕ್ಷಕರು ತಾರೀಖು ಹಾಕದ ರಜೆ ಚೀಟಿ ಬರೆದು ಹೆಡ್ ಮಾಸ್ಟರ್ ಕೈಗೆ ಕೊಟ್ಟಿರುತ್ತಾರೆ. ಅದು ಡ್ರಾವರಿನಲ್ಲಿ ಕೂತಿರುತ್ತದೆ. ಅವರು ಬರದ ದಿನ ಮೇಲಿನವರು ತಪಾಸಣೆಗೆ ಬಂದರೆ ತಾರೀಖು ಹಾಕಿ ತೋರಿಸಿದರಾಯಿತು. ಯಾರೂ ಬರದಿದ್ದರೆ ಮರುದಿನ ಬಂದು ಸಹಿ. ಇಬ್ಬರಿಗೂ ಅನುಕೂಲ, ಸಂಬಂಧವೂ ಚೆನ್ನಾಗಿರುತ್ತದೆ. ಲೆಕ್ಕಕ್ಕೆ ಬರದವರು ಅಂದರೆ ಆ ದಿನ ಸುಮ್ನೆ ಕೂತು ಎದ್ದು ಹೋದ ಮೂವತ್ತು ಮಕ್ಕಳು.

ಈ ಚೀಟಿ ಇಟ್ಟುಕೊಂಡ ದಿನವೇ ಹೆಡ್ ಮಾಸ್ಟರ್ ಪಾಠದ ಬಗ್ಗೆ ಮಾತಾಡುವ ಹಕ್ಕು ಕಳೆದುಕೊಂಡರು. "ಮೇಡಂ, ಸ್ಲೇಟ್ ನೋಡಿದೆ" ಅಂತ ಹೇಳೋಕೆ ಬಾಯಿ ಎಲ್ಲಿಂದ ಬರಬೇಕು? ಅವರ ಗುಟ್ಟು ಇವರ ಹತ್ತಿರ, ಇವರ ಗುಟ್ಟು ಅವರ ಹತ್ತಿರ. ನೀತಿ ಬೇರೆ, ಕೆಲಸ ಬೇರೆ ಅನ್ನೋ ವಾದ ಮುರಿದು ಬೀಳುವುದು ಇಲ್ಲೇ.

ಚೀಟಿ ಹರಿದು ಹಾಕುವುದು ಅಂದರೆ ಕಟುಕರಾಗುವುದು ಅಂತಲ್ಲ. ಮಗುವಿಗೆ ಜ್ವರ, ಬಸ್ ಕೆಟ್ಟಿತು, ಅತ್ತೆಯನ್ನು ಬಳ್ಳಾರಿ ಆಸ್ಪತ್ರೆಗೆ ತೋರಿಸಬೇಕು. ಇಂಥದ್ದೆಲ್ಲ ಬರುತ್ತದೆ. ಫೋನ್ ಮಾಡಿ ಹೇಳಿ, ರಜೆ ಹಾಕಿ, ಆ ಕ್ಲಾಸನ್ನು ಯಾರು ನೋಡಬೇಕು ಅಂತ ಮೊದಲೇ ಗೊತ್ತಿರಲಿ. ಎಲ್ಲರಿಗೂ ಒಂದೇ ನಿಯಮ ಇರಲಿ. ತನ್ನ ಜಾತಿಯವರಿಗೆ, ಸಂಘದ ಪದಾಧಿಕಾರಿಗೆ ಒಂದು, ಹೊಸಬರಿಗೆ ಇನ್ನೊಂದು ಆದರೆ ಸಿಬ್ಬಂದಿ ಕೋಣೆ ಎರಡು ಪಾರ್ಟಿ ಆಗುತ್ತದೆ. ಆಮೇಲೆ ಅಲ್ಲಿ ಯಾವ ಮಾತೂ ಪಾಠದ ಬಗ್ಗೆ ಇರುವುದಿಲ್ಲ.

ಪ್ರೌಢಶಾಲೆಯ ಹೆಡ್ ಮಾಸ್ಟರಿಗೆ ಇದೇ ಪರೀಕ್ಷೆ ಎಸ್ಸೆಸ್ಸೆಲ್ಸಿಯಲ್ಲಿ ಬರುತ್ತದೆ. ಫಲಿತಾಂಶ ಕಡಿಮೆಯಾದರೆ ಕೇಳುವವರು ಬಹಳ. ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಪಟ್ಟಿಯ ಕೆಳಗಿರುತ್ತವೆ ಅನ್ನೋ ಮಾತು ಬೇರೆ. ಆ ಒತ್ತಡದಲ್ಲಿ "ಮಕ್ಕಳ ಭವಿಷ್ಯ ನೋಡ್ರಿ" ಅನ್ನೋ ಹೆಸರಲ್ಲಿ ನಕಲಿಗೆ ಕಣ್ಣು ಮುಚ್ಚುವುದು ಕೆಲವರಿಗೆ ಪುಣ್ಯದ ಕೆಲಸದಂತೆ ಕಾಣುತ್ತದೆ. 2024ರಲ್ಲಿ ಪರೀಕ್ಷಾ ಕೋಣೆಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯಿತು. ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಅದೂ ಗ್ರೇಸ್ ಅಂಕದ ಮಿತಿಯನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಇಳಿದಿದ್ದೆಲ್ಲ ನಕಲಿನ ಲೆಕ್ಕವೇ ಅಂತ ಹೇಳೋಕಾಗಲ್ಲ. ಆದರೆ ಎಂಟನೇ ಕ್ಲಾಸಿನಲ್ಲೇ ಓದಲು ಬಾರದ ಮಕ್ಕಳ ಪಟ್ಟಿ ಮಾಡಿ, ಎರಡು ವರ್ಷ ಬೆಳಿಗ್ಗೆ ಅರ್ಧ ಗಂಟೆ ಓದಿಸಿದ ಹೆಡ್ ಮಾಸ್ಟರಿಗೆ ಕ್ಯಾಮೆರಾದ ಚಿಂತೆ ಇರಲಿಲ್ಲ ಅನ್ನೋದು ಖಂಡಿತ.

ಕಾನೂನು ಒಂದು ಹೇಳುತ್ತದೆ, ಕರುಳು ಇನ್ನೊಂದು ಹೇಳುತ್ತದೆ

ಇಲ್ಲಿಯ ತನಕ ಹೇಳಿದ್ದು ಸುಲಭದ ವಿಷಯ. ಸುಳ್ಳು ಬರೆಯಬಾರದು ಅಂತ ಎಲ್ಲರಿಗೂ ಗೊತ್ತು. ಎರಡೂ ಕಡೆ ನ್ಯಾಯ ಇದೆ ಅನಿಸುವ ಕಡೆಯೇ ನಿಜವಾದ ಕಷ್ಟ.

ಒಂಬತ್ತನೇ ಕ್ಲಾಸಿನ ಹುಡುಗಿ ಒಂದು ವಾರದಿಂದ ಬಂದಿಲ್ಲ. ಮದುವೆ ಗೊತ್ತಾಗಿದೆ ಅಂತ ಗೆಳತಿಯರು ಪಿಸುಗುಡುತ್ತಾರೆ. ಕರೆಸಿ ಕೇಳಿದರೆ ಅಪ್ಪ ಕೈ ಮುಗಿಯುತ್ತಾನೆ. "ಸರ್, ನಾವು ಗುಳೆ ಹೋಗೋ ಮಂದಿ. ದೊಡ್ಡಾಕಿ ಆದ ಹುಡುಗೀನ ಯಾರ ಮನ್ಯಾಗ ಬಿಟ್ಟು ಹೋಗ್ಲಿ? ನೀವ ಹೇಳ್ರಿ."

ಇಂಥ ಕಡೆ ಹೇಗೆ ಯೋಚಿಸಬೇಕು ಅನ್ನೋದಕ್ಕೆ ಅಮೆರಿಕದ ಶಿಕ್ಷಣ ಚಿಂತಕ ರಾಬರ್ಟ್ ಸ್ಟಾರಟ್ 1991ರಲ್ಲಿ ಒಂದು ಉಪಯೋಗದ ದಾರಿ ಹಾಕಿಕೊಟ್ಟರು. ಮೂರು ಕಡೆಯಿಂದ ನೋಡಿ ಅಂದರು ಅವರು. ನ್ಯಾಯದ ಕಡೆಯಿಂದ: ನಿಯಮ ಏನು, ಎಲ್ಲರಿಗೂ ಅದೇ ಅನ್ವಯ ಆಗುತ್ತಿದೆಯಾ? ಕಾಳಜಿಯ ಕಡೆಯಿಂದ: ನನ್ನ ಎದುರಿಗಿರುವ ಈ ಮಗುವಿಗೆ ಏನು ಬೇಕು? ಮೂರನೆಯದು ಪ್ರಶ್ನೆ ಮಾಡುವ ಕಡೆಯಿಂದ: ಈ ವ್ಯವಸ್ಥೆಯಿಂದ ಯಾರಿಗೆ ಲಾಭ, ಯಾವಾಗಲೂ ಪೆಟ್ಟು ತಿನ್ನುವವರು ಯಾರು? ಆಮೇಲೆ ಬಂದವರು ಇದಕ್ಕೆ ವೃತ್ತಿಧರ್ಮ ಅಂತ ನಾಲ್ಕನೆಯದನ್ನು ಸೇರಿಸಿದರು.

ಆ ಹುಡುಗಿಯ ವಿಷಯಕ್ಕೆ ಇದನ್ನು ಹಚ್ಚಿ ನೋಡಿ. ನ್ಯಾಯ ಸ್ಪಷ್ಟವಾಗಿದೆ. 18 ತುಂಬದ ಹುಡುಗಿಯ ಮದುವೆ ಅಪರಾಧ. ನಮ್ಮ ರಾಜ್ಯದ ತಿದ್ದುಪಡಿಯ ಪ್ರಕಾರ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಲೇಬೇಕು. ಆದರೆ ಅಷ್ಟಕ್ಕೆ ಕೈ ತೊಳೆದುಕೊಂಡರೆ ಅಧಿಕಾರಿಗಳು ಬಂದು ಮುಚ್ಚಳಿಕೆ ಬರೆಸಿಕೊಂಡು ಹೋಗುತ್ತಾರೆ, ಎರಡು ತಿಂಗಳಿಗೆ ಬೇರೆ ಊರಿನ ನೆಂಟರ ಮನೆಯಲ್ಲಿ ಮದುವೆ ಮುಗಿದಿರುತ್ತದೆ. ಅಪ್ಪನ ಪ್ರಶ್ನೆಗೆ ಉತ್ತರ ಸಿಗಲಿಲ್ಲವಲ್ಲ. ಕಾಳಜಿ ಇರುವ ಹೆಡ್ ಮಾಸ್ಟರ್ ಅದೇ ವಾರ ಹಾಸ್ಟೆಲ್ ಸೀಟಿಗೆ ಓಡಾಡುತ್ತಾರೆ. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಇದೆ. ಹಿಂದುಳಿದ ತಾಲ್ಲೂಕುಗಳ ಹುಡುಗಿಯರಿಗೆ ಅಂತಲೇ 2004ರಲ್ಲಿ ಶುರುವಾದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ ಅನ್ನೋ ವಸತಿ ಶಾಲೆಗಳಿವೆ. ಮೂರನೆಯ ಪ್ರಶ್ನೆ ಕೇಳುವವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಪ್ರತಿ ವರ್ಷ ಅದೇ ಓಣಿಯ, ಅದೇ ತಾಂಡಾದ ಹುಡುಗಿಯರಿಗೇ ಹೀಗಾಗುತ್ತಿದ್ದರೆ ದೀಪಾವಳಿಗೆ ಮೊದಲೇ ಪಟ್ಟಿ ಮಾಡಿ ಸೀಟು ಕೇಳಬೇಕಲ್ಲವಾ?

ಆದರೆ ಒಂದು ವಿಷಯದಲ್ಲಿ ಎರಡು ಕಡೆ ಅನ್ನೋದೇ ಇಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ, ಅನುಮಾನ ಬಂದರೂ ಸರಿ, ಪೊಲೀಸರಿಗೆ ತಿಳಿಸಲೇಬೇಕು. 2012ರ ಪೋಕ್ಸೊ ಕಾಯ್ದೆಯಲ್ಲಿ ಇದು ಕಡ್ಡಾಯ. ತಿಳಿಸದವರಿಗೆ ಆರು ತಿಂಗಳ ತನಕ ಜೈಲು. ತನ್ನ ಕೈಕೆಳಗಿನವರೇ ತಪ್ಪು ಮಾಡಿ ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದ ತನಕ. "ಶಾಲೆಯ ಮಾನ ಹೋಗುತ್ತದೆ, ಊರಲ್ಲೇ ಕೂತು ಬಗೆಹರಿಸೋಣ" ಅನ್ನುವ ಹಿರಿಯರು ಎಲ್ಲ ಊರಲ್ಲೂ ಸಿಗುತ್ತಾರೆ. ಅವರೆದುರು "ಆಗಲ್ಲ" ಅನ್ನೋಕೆ ಬರದವರು ಆ ಕುರ್ಚಿಯಲ್ಲಿ ಕೂರಬಾರದು. ಇದನ್ನು ಮೆತ್ತಗೆ ಹೇಳೋಕೆ ನನಗೆ ಬರಲ್ಲ.

ಸಣ್ಣ ವಿಷಯಗಳಲ್ಲೂ ಇದೇ ಮೂರು ಪ್ರಶ್ನೆ ಕೆಲಸಕ್ಕೆ ಬರುತ್ತವೆ. ದಾಖಲಾತಿ ದಿನ ಹತ್ತು ಜನರ ಎದುರು "ಅಪ್ಪನ ಹೆಸರು ಹೇಳಮ್ಮಾ" ಅಂತ ಗಟ್ಟಿಯಾಗಿ ಕೇಳಿದರೆ, ಮಾಜಿ ದೇವದಾಸಿ ತಾಯಿಯ ಮಗಳಿಗೆ ಶಾಲೆಯ ಮೊದಲ ದಿನವೇ ಅವಮಾನ. ದೇವದಾಸಿಯಾಗಿ ಬಿಡುವುದನ್ನು ರಾಜ್ಯ 1982ರಲ್ಲೇ ಕಾಯ್ದೆ ಮಾಡಿ ನಿಷೇಧಿಸಿದೆ. ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಲ್ಲಿ ಆ ಮಕ್ಕಳು ಶಾಲೆಗೆ ಬರುತ್ತಾರೆ. ಒಳಗೆ ಕರೆದು, ತಾಯಿಯನ್ನು ಕೂರಿಸಿ ಫಾರ್ಮ್ ತುಂಬಿದರೆ ಐದು ನಿಮಿಷ ಜಾಸ್ತಿ ಹಿಡಿಯುತ್ತದೆ, ಅಷ್ಟೇ. ಪೊರಕೆ ಹಿಡಿಯುವ ಸರದಿ ಎಲ್ಲ ಮಕ್ಕಳಿಗೂ ಬರುತ್ತದಾ, ಅಥವಾ ಒಂದೇ ಕೇರಿಯ ಮಕ್ಕಳಿಗಾ? ತಾಂಡಾದ ಮಗು ಲಂಬಾಣಿಯಲ್ಲಿ, ಬಳ್ಳಾರಿಯ ಮಗು ತೆಲುಗಿನಲ್ಲಿ ಒಂದು ಮಾತಾಡಿದರೆ ನಗುತ್ತಾರಾ, ಕೇಳಿಸಿಕೊಳ್ಳುತ್ತಾರಾ? ಇದಕ್ಕೆಲ್ಲ ಸುತ್ತೋಲೆ ಬರುವ ತನಕ ಕಾಯಬೇಕಾಗಿಲ್ಲ.

ಊಟದ ಸಾಲು, ಹಣದ ಪುಸ್ತಕ

ಬಿಸಿಯೂಟ ಕೊಡುವ ಅಕ್ಷರ ದಾಸೋಹ ಯೋಜನೆ 2002ರಲ್ಲಿ ಮೊದಲು ಶುರುವಾಗಿದ್ದೇ ಈ ಭಾಗದ ಜಿಲ್ಲೆಗಳಲ್ಲಿ. ಮೊಟ್ಟೆಯೂ ಅಷ್ಟೇ, 2021ರ ಡಿಸೆಂಬರಿನಲ್ಲಿ ಮೊದಲು ಬಂದಿದ್ದು ಇತ್ತ ಕಡೆಗೇ. ಬಡಿಸುವ ಮೊದಲು ಶಿಕ್ಷಕರೊಬ್ಬರು ಊಟದ ರುಚಿ ನೋಡಬೇಕು ಅನ್ನೋ ನಿಯಮ ಇದೆ. ಎಷ್ಟೋ ಕಡೆ ಅದು ಪುಸ್ತಕದಲ್ಲಿ ಸಹಿ ಮಾತ್ರ. ಅಕ್ಕಿ ಬರೋದು ತಡವಾದರೆ? 2015ರ ಬಿಸಿಯೂಟ ನಿಯಮಗಳು ಹೆಡ್ ಮಾಸ್ಟರಿಗೆ ಒಂದು ಅಧಿಕಾರ ಕೊಟ್ಟಿವೆ. ಶಾಲೆಯಲ್ಲಿರುವ ಯಾವುದೇ ಹಣ ಬಳಸಿ ಊಟ ನಿಲ್ಲದಂತೆ ನೋಡಿಕೊಳ್ಳಬಹುದು, ಆಮೇಲೆ ಅದನ್ನು ತುಂಬಿಕೊಳ್ಳಬಹುದು. ಇದು ಗೊತ್ತಿಲ್ಲದೆ "ಮೇಲಿಂದ ಬಂದಿಲ್ಲ" ಅಂತ ಮಕ್ಕಳನ್ನು ಹಸಿದು ಕಳಿಸಿದವರಿದ್ದಾರೆ. ನಿಯಮ ಓದಿಕೊಂಡಿರುವುದೂ ಒಂದು ಗುಣವೇ.

ದಲಿತ ಮಹಿಳೆ ಅಡುಗೆಗೆ ಬಂದರೆ ಕೆಲವು ಮನೆಯವರು ಮಕ್ಕಳಿಗೆ ಡಬ್ಬಿ ಕಟ್ಟಿ ಕಳಿಸಲು ಶುರು ಮಾಡುತ್ತಾರೆ. ಆಗ ಭಾಷಣ ಮಾಡಿ ಪ್ರಯೋಜನ ಇಲ್ಲ. ಹೆಡ್ ಮಾಸ್ಟರ್ ತಟ್ಟೆ ಹಿಡಿದು ಸಾಲಿನಲ್ಲಿ ನಿಂತು, ಮಕ್ಕಳ ನಡುವೆ ಕೂತು ಊಟ ಮಾಡಬೇಕು. ಒಂದು ದಿನ ಫೋಟೋಗೆ ಅಲ್ಲ, ದಿನಾ.

ಹಣದ ವಿಷಯ ಬೇಗ ಮುಗಿಸುತ್ತೇನೆ. ಸಮಗ್ರ ಶಿಕ್ಷಣ ಅನ್ನೋ ಸರ್ಕಾರಿ ಯೋಜನೆಯಲ್ಲಿ ಶಾಲಾ ಅನುದಾನ ಮಕ್ಕಳ ಸಂಖ್ಯೆಯ ಮೇಲೆ ನಿಗದಿಯಾಗುತ್ತದೆ. 30ರ ತನಕ 10,000 ರೂಪಾಯಿ, 100ರ ತನಕ 25,000, 250ರ ತನಕ 50,000, 1,000ದ ತನಕ 75,000. ಇದರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ. ಸೀಮೆಸುಣ್ಣ, ಕರೆಂಟ್ ಬಿಲ್, ನಲ್ಲಿ ರಿಪೇರಿಗೆ ಇದೇ ಹಣ. ಬಂದಿದ್ದೆಷ್ಟು, ಹೋಗಿದ್ದೆಷ್ಟು ಅಂತ ಗೋಡೆ ಮೇಲೆ ಬರೆದರೆ ಅರ್ಧ ಅನುಮಾನ ತಾನಾಗಿ ಕಡಿಮೆಯಾಗುತ್ತದೆ.

ಖಾಸಗಿ ಶಾಲೆಯ ಪ್ರಿನ್ಸಿಪಾಲರ ಕಷ್ಟ ಬೇರೆ ಥರದ್ದು. ಅಲ್ಲಿ ಒತ್ತಡ ಹಾಕುವವರು ಆಡಳಿತ ಮಂಡಳಿಯವರು. ಒಂದನೇ ಕ್ಲಾಸಿಗೆ ಸೇರುವ ಮಗುವಿಗೆ ಪ್ರವೇಶ ಪರೀಕ್ಷೆ ಇಡಿ ಅನ್ನುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಅದಕ್ಕೆ ಮೊದಲ ಸಲ 25,000 ರೂಪಾಯಿ ತನಕ, ಆಮೇಲೆ ಪ್ರತಿ ಸಲಕ್ಕೆ 50,000 ತನಕ ದಂಡ ಇದೆ. ಫೀ ಬಾಕಿ ಇರುವ ಹುಡುಗನನ್ನು ಕ್ಲಾಸಿನ ಹೊರಗೆ ನಿಲ್ಲಿಸಿ ಅನ್ನುತ್ತಾರೆ. ಮಗುವಿಗೆ ಮಾನಸಿಕ ಹಿಂಸೆ ಕೊಡುವುದೂ ಅದೇ ಕಾಯ್ದೆಯಲ್ಲಿ ನಿಷೇಧ. ಬಾಕಿ ಇದ್ದರೆ ಅಪ್ಪನ ಜೊತೆ ಮಾತಾಡಬೇಕು, ಮಗುವಿನ ಜೊತೆ ಅಲ್ಲ. ಇಷ್ಟು ಗೆರೆ ಎಳೆಯಬಲ್ಲ ಪ್ರಿನ್ಸಿಪಾಲರು ಬಳ್ಳಾರಿಯಂಥ ಊರಲ್ಲೂ ಸಿಗುತ್ತಾರೆ, ಆದರೆ ಹುಡುಕಬೇಕು.

ಸಭೆ ಯಾವ ಹೊತ್ತಿಗೆ?

ಸರ್ಕಾರಿ ಶಾಲೆಯಲ್ಲಿ ಹೆಡ್ ಮಾಸ್ಟರಿಗೆ ಬಲ ಬರುವುದೂ, ಲಗಾಮು ಬೀಳುವುದೂ ಎಸ್‌ಡಿಎಂಸಿಯಿಂದ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಿಂದ. ಕಾಯ್ದೆಯ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಶಾಲೆಯ ಅಭಿವೃದ್ಧಿ ಯೋಜನೆ ಮಾಡುವುದು, ಹಣ ಹೇಗೆ ಖರ್ಚಾಯಿತು ನೋಡುವುದು ಅವರ ಕೆಲಸ.

ಆದರೆ ಸಭೆ ಕರೆಯುವುದು ಬೆಳಿಗ್ಗೆ ಹನ್ನೊಂದಕ್ಕೆ. ಆ ಹೊತ್ತಿಗೆ ತಾಯಂದಿರು ಹೊಲದಲ್ಲಿರುತ್ತಾರೆ. ಸಭೆಗೆ ಬಂದರೆ ಆ ದಿನದ ಕೂಲಿ ಹೋಯಿತು. ಅಧ್ಯಕ್ಷರು, ಇನ್ನಿಬ್ಬರು ಬರುತ್ತಾರೆ. ಚಹಾ ಆಗುತ್ತದೆ. ಸಂಜೆ ಹುಡುಗನೊಬ್ಬ ಪುಸ್ತಕ ಹಿಡಿದು ಮನೆ ಮನೆಗೆ ಹೋಗಿ ಉಳಿದವರ ಸಹಿ, ಹೆಬ್ಬೆಟ್ಟು ಹಾಕಿಸಿಕೊಂಡು ಬರುತ್ತಾನೆ. ಏನು ಬರೆದಿದೆ ಅಂತ ಅವರಿಗೆ ಗೊತ್ತಿಲ್ಲ.

ನಮ್ಮ ಕಡೆ ಅಮಾವಾಸ್ಯೆ ದಿನ ಎತ್ತು ಹೂಡುವುದಿಲ್ಲ, ಹೊಲದ ಕೆಲಸಕ್ಕೆ ಹೆಚ್ಚಿನವರು ಹೋಗುವುದಿಲ್ಲ. ಅವತ್ತು ಶಾಲೆ ಇದ್ದರೆ ಮಧ್ಯಾಹ್ನ ಊಟದ ಹೊತ್ತಿಗೆ ಸಭೆ ಇಟ್ಟರೆ ಜನ ಬರುತ್ತಾರೆ. ಮಕ್ಕಳ ಊಟ ನೋಡುತ್ತಾರೆ, ತಮ್ಮ ಮಗಳ ಹಾಜರಿ ಎಷ್ಟಾಗಿದೆ ಅಂತ ಕೇಳುತ್ತಾರೆ, ಗೋಡೆ ಮೇಲಿನ ಲೆಕ್ಕವನ್ನು ಓದು ಬಲ್ಲವರಿಂದ ಓದಿಸಿಕೊಳ್ಳುತ್ತಾರೆ. ನಿಮ್ಮೂರ ಶಾಲೆಯಲ್ಲಿ ಈ ವರ್ಷದ ಸಭೆಗಳು ಯಾವ ದಿನ, ಎಷ್ಟು ಹೊತ್ತಿಗೆ ನಡೆದಿವೆ, ಎಷ್ಟು ತಾಯಂದಿರು ಖುದ್ದಾಗಿ ಬಂದಿದ್ದರು ಅಂತ ನಡಾವಳಿ ಪುಸ್ತಕ ತೆಗೆಸಿ ನೋಡಿ. ಹನ್ನೊಂದು ಗಂಟೆಯ ಸಭೆಗಳೇ ಇದ್ದರೆ, ಮುಂದಿನ ಸಭೆಯನ್ನು ಅಮಾವಾಸ್ಯೆಗೆ ಇಡಿ ಅಂತ ಹೆಡ್ ಮಾಸ್ಟರನ್ನು ಕೇಳಿ. ಒಪ್ಪದಿದ್ದರೆ ಯಾಕೆ ಅಂತಲೂ ಕೇಳಿ.